ಪದವಿ ತರಗತಿಯ ಒಂದು ಪಾಠಕ್ಕೆ ತಂತ್ರಜ್ಞಾನ ಜೋಡಿಸುವುದು ಹೇಗೆ? ಕೈಯಲ್ಲಿರುವ ಫೋನಿನಿಂದ ಶುರು ಮಾಡಿ

ಲಾಕ್‌ಡೌನ್ ಕಾಲದಲ್ಲಿ ನಮ್ಮಲ್ಲಿ ಒಂದು ಸಮೀಕ್ಷೆ ನಡೆಯಿತು. ಎಷ್ಟು ವಿದ್ಯಾರ್ಥಿಗಳ ಮನೆಯಲ್ಲಿ ಇಂಟರ್‌ನೆಟ್ ಇದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಗೂಗಲ್ ಫಾರ್ಮ್ ಕಳುಹಿಸಿದೆವು. ಉತ್ತರ ಕೊಟ್ಟವರೆಲ್ಲ ‘ಇದೆ’ ಎಂದರು. ಇಲ್ಲದವರಿಗೆ ಫಾರ್ಮ್ ತಲುಪಿದ್ದರೆ ತಾನೆ! ವರದಿಯಲ್ಲಿ ನೂರಕ್ಕೆ ನೂರು ಎಂದು ಬರೆದದ್ದೂ ಆಯಿತು. ಬರೆದವರಲ್ಲಿ ನಾನೂ ಒಬ್ಬ.

ನಾನು ತಾಲ್ಲೂಕು ಊರಿನ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಸ್ಮಾರ್ಟ್ ಬೋರ್ಡ್, ಪ್ರೊಜೆಕ್ಟರ್, ಇ-ಕಂಟೆಂಟ್ ತರಬೇತಿ ಎಲ್ಲವನ್ನೂ ನೋಡಿದ್ದಾಗಿದೆ. ಕೊನೆಗೆ ಉಳಿದದ್ದು ಒಂದೇ ಪದ್ಧತಿ. ಸೆಮಿಸ್ಟರ್‌ನ ಇಡೀ ವಿಷಯ ಪತ್ರಿಕೆಯನ್ನು ಆನ್‌ಲೈನ್ ಮಾಡಲು ಹೋಗುವುದಿಲ್ಲ. ಮಕ್ಕಳು ಪ್ರತಿ ವರ್ಷ ಎಡವುವ ಒಂದು ಜಾಗ ಹುಡುಕಿ, ಅಲ್ಲಿಗೆ ಮಾತ್ರ ತಂತ್ರಜ್ಞಾನ ತರುತ್ತೇನೆ. ಆ ಕೆಲಸದ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆ ನನ್ನ ವಿಷಯದ್ದು. ನಿಮ್ಮದು ಕಾಮರ್ಸ್ ಆಗಿರಲಿ, ರಸಾಯನಶಾಸ್ತ್ರ ಆಗಿರಲಿ, ಹಳಗನ್ನಡ ಆಗಿರಲಿ, ದಾರಿ ಇದೇ.

ಹಂತ 1: ಎಡವುವ ಜಾಗ ಯಾವುದು?

ಹಿಂದಿನ ಎರಡು ಮೂರು ಇಂಟರ್ನಲ್ ಟೆಸ್ಟ್‌ಗಳ ಉತ್ತರ ಪತ್ರಿಕೆ ತೆಗೆಯಿರಿ. ಯಾವ ಪ್ರಶ್ನೆಯನ್ನು ಹೆಚ್ಚು ಮಂದಿ ಬಿಟ್ಟಿದ್ದಾರೆ ಅಥವಾ ತಪ್ಪು ಮಾಡಿದ್ದಾರೆ ನೋಡಿ. ನನ್ನಲ್ಲಿ ಅದು ‘ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ’, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ. ಹೆಸರು ಕೇಳಿಯೇ ಅರ್ಧ ತರಗತಿ ಸುಸ್ತು. ವ್ಯಾಖ್ಯೆ ಬಾಯಿಪಾಠ ಇರುತ್ತದೆ, ಲೆಕ್ಕ ಕೊಟ್ಟರೆ ಪೆನ್ನು ನಿಲ್ಲುತ್ತದೆ.

ಆಮೇಲೆ ತರಗತಿಯಲ್ಲೇ ಒಂದು ಚೀಟಿ ಹಂಚಿ. ಹೌದು, ಕಾಗದದ ಚೀಟಿ. ನಾಲ್ಕು ಪ್ರಶ್ನೆ ಸಾಕು: ಫೋನ್ ನಿಮ್ಮದೋ, ಮನೆಯವರದೋ? ದಿನಕ್ಕೆ ಎಷ್ಟು ಡೇಟಾ? ಮನೆಯಲ್ಲಿ ಸಿಗ್ನಲ್ ಯಾವ ಹೊತ್ತಿಗೆ ಚೆನ್ನಾಗಿರುತ್ತದೆ? ಫೋನಿನಲ್ಲಿ ಜಾಗ ಎಷ್ಟು ಉಳಿದಿದೆ? ಎರಡನೇ ವರ್ಷದ ಒಬ್ಬಳು ‘ಫೋನ್ ಅಣ್ಣನದು, ಅವನು ರಾತ್ರಿ ಒಂಬತ್ತಕ್ಕೆ ಬರುತ್ತಾನೆ’ ಎಂದು ಬರೆದಿದ್ದಳು. ಸಂಜೆ ಆರಕ್ಕೆ ಇಡುತ್ತಿದ್ದ ಕ್ವಿಜ್‌ನ ಸಮಯವನ್ನು ಅವತ್ತೇ ಬದಲಿಸಿದೆ.

ಹಂತ 2: ಒಂದೇ ಮನೆ ಮಾಡಿ

ವಾಟ್ಸಾಪ್‌ನಲ್ಲಿ ನೋಟ್ಸ್, ಟೆಲಿಗ್ರಾಮ್‌ನಲ್ಲಿ ಪುಸ್ತಕ, ಮೇಲ್‌ನಲ್ಲಿ ಅಸೈನ್‌ಮೆಂಟ್, ಯೂಟ್ಯೂಬ್‌ನಲ್ಲಿ ವಿಡಿಯೊ. ಹೀಗಾದರೆ ಪರೀಕ್ಷೆ ಹಿಂದಿನ ದಿನ ‘ಸರ್, ಎರಡನೇ ಯೂನಿಟ್ ಎಲ್ಲಿದೆ?’ ಎಂಬ ಮೆಸೇಜ್ ಐವತ್ತು ಸಲ ಬರುತ್ತದೆ.

ವಾಟ್ಸಾಪ್ ಸುದ್ದಿ ಮುಟ್ಟಿಸಲು ಮಾತ್ರ ಇರಲಿ. ಸಾಮಗ್ರಿ ಇಡಲು ಬೇರೆ ಜಾಗ ಬೇಕು. ಸದ್ಯಕ್ಕೆ ಗೂಗಲ್ ಕ್ಲಾಸ್‌ರೂಮ್ ಸುಲಭ. ಕಾಲೇಜಿಗೆ ಸ್ವಂತ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರು ಇದ್ದರೆ ಮೂಡಲ್ ಒಳ್ಳೆಯದು. 2002ರಲ್ಲಿ ಬಂದ, ದುಡ್ಡು ಕೊಡಬೇಕಿಲ್ಲದ ಮುಕ್ತ ತಂತ್ರಾಂಶ ಅದು. ಪ್ರಶ್ನೆ ಬ್ಯಾಂಕ್ ಕಟ್ಟಲು ಅದರಷ್ಟು ಗಟ್ಟಿ ಬೇರೆ ಇಲ್ಲ. ಆದರೆ ನೋಡಿಕೊಳ್ಳುವವರು ಇಲ್ಲದ ಮೂಡಲ್ ಬೀಗ ಹಾಕಿದ ಲೈಬ್ರರಿ ಇದ್ದಂತೆ.

ಕ್ಲಾಸ್‌ರೂಮ್ ಮಾಡುವಾಗ ಈ ಮೂರು ನೆನಪಿಡಿ. ಪತ್ರಿಕೆಯ ಯೂನಿಟ್‌ಗಳನ್ನೇ ‘ಟಾಪಿಕ್’ ಮಾಡಿ. ಫೈಲ್ ಹೆಸರಿನ ಮೊದಲಿಗೆ ಸಂಖ್ಯೆ ಹಾಕಿ: ‘2.3 ಸ್ಥಿತಿಸ್ಥಾಪಕತ್ವ ಲೆಕ್ಕ’ ಎಂಬಂತೆ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ನೀವು ಅತಿಥಿ ಉಪನ್ಯಾಸಕರಾಗಿದ್ದರೆ ಕಾಯಂ ಸಹೋದ್ಯೋಗಿ ಒಬ್ಬರನ್ನು ಸಹ-ಶಿಕ್ಷಕರಾಗಿ ಸೇರಿಸಿಬಿಡಿ. ಮುಂದಿನ ವರ್ಷ ನೀವು ಬೇರೆ ಕಾಲೇಜಿಗೆ ಹೋದರೂ ಮಕ್ಕಳಿಗೆ ಪಾಠ ಸಿಗುತ್ತಿರುತ್ತದೆ.

ಹಂತ 3: ಕನ್ನಡ ನೋಟ್ಸನ್ನು ಯೂನಿಕೋಡ್‌ಗೆ ತನ್ನಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಬಹಳಷ್ಟು ಕೆಲಸ ಕೆಡುವುದು ಇಲ್ಲೇ.

ನಮ್ಮಲ್ಲಿ ಎಷ್ಟೋ ಮಂದಿಯ ಹತ್ತು ಹದಿನೈದು ವರ್ಷಗಳ ನೋಟ್ಸ್ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿದೆ. ಆ ಫೈಲ್‌ಗಳ ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಕೋಡ್‌ಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದಾರೆ, ಅಷ್ಟೇ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ವಿದ್ಯಾರ್ಥಿಯ ಫೋನಿನಲ್ಲಿ ವರ್ಡ್ ಫೈಲ್ ತೆರೆದರೆ ತಲೆಬುಡ ಇಲ್ಲದ ಅಕ್ಷರಗಳ ಸಾಲು. ಅದನ್ನು ತಪ್ಪಿಸಲು ಪಿಡಿಎಫ್ ಮಾಡಿ ಕಳುಹಿಸುತ್ತೇವೆ. ಆಗ ಓದಲೇನೋ ಬರುತ್ತದೆ, ಆದರೆ ಒಳಗೆ ಹುಡುಕಲು ಬರುವುದಿಲ್ಲ.

ಯೂನಿಕೋಡ್ ಎಂದರೆ ಜಗತ್ತಿನ ಭಾಷೆಗಳ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಕೋಡ್ ಕೊಡುವ ಪದ್ಧತಿ. ಅದರಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ. 1991ರ ಮೊದಲ ಆವೃತ್ತಿಯಿಂದಲೂ ಇದೆ. ಇವತ್ತಿನ ಯಾವ ಫೋನಿನಲ್ಲೂ ಫಾಂಟ್ ಹಾಕದೆ ಓದಬಹುದು. ಇನ್ನೊಂದು ಲಾಭ ನನಗೆ ತಡವಾಗಿ ತಿಳಿಯಿತು. ಒಂದು ವರ್ಷ ನನ್ನ ತರಗತಿಗೆ ಕಣ್ಣು ಕಾಣದ ಹುಡುಗನೊಬ್ಬ ಸೇರಿದ. ಅವನ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇತ್ತು. ಪರದೆಯ ಮೇಲಿನ ಅಕ್ಷರವನ್ನು ಅದು ದನಿಯಾಗಿ ಓದುತ್ತದೆ, ಕನ್ನಡವನ್ನೂ ಓದುತ್ತದೆ. ನನ್ನ ಹಳೆಯ ನೋಟ್ಸನ್ನು ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒದರಿತು. ಸ್ಕ್ಯಾನ್ ಮಾಡಿದ ಪುಟ ಬಂದಾಗ ಪೂರ್ತಿ ಮೌನ. ‘ಸರ್, ನಿಮ್ಮ ನೋಟ್ಸ್ ನನ್ನ ಕಂಪ್ಯೂಟರಿಗೆ ಬರಲ್ಲ’ ಎಂದ. ಬರದಿದ್ದದ್ದು ನನಗೆ.

ಬದಲಿಸುವ ಬಗೆ ಹೀಗೆ:

ಮೊದಲು ಮೂಲ ಫೈಲಿನ ಒಂದು ಪ್ರತಿ ತೆಗೆದಿಡಿ. ಆಸ್ಕಿಯಿಂದ (ಹಳೆಯ ಫಾಂಟ್‌ಗಳ ಕೋಡ್‌ನಿಂದ) ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ, ಒಂದನ್ನು ಆರಿಸಿಕೊಳ್ಳಿ. ಒಂದು ಸಲಕ್ಕೆ ಒಂದು ಅಧ್ಯಾಯ ಹಾಕಿ. ಬಂದದ್ದನ್ನು ಕಣ್ಣಾರೆ ಓದಿ. ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ, ಇವು ಮೂರರಲ್ಲಿ ತಪ್ಪು ನುಸುಳುವುದು ಜಾಸ್ತಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗಿರುತ್ತದೆ. ಕೋಷ್ಟಕ ಇರುವ ಪುಟಗಳನ್ನು ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ.

ಹೊಸ ಟೈಪಿಂಗ್‌ಗೆ ಹಳೆಯ ಕೀಲಿಮಣೆ ಅಭ್ಯಾಸ ಬಿಡಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ನುಡಿ ಬಳಸುತ್ತದೆ. ಅದೇ ವಿನ್ಯಾಸದಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡರೆ ಬೆರಳು ಅದೇ, ಅಕ್ಷರ ಹೊಸದು. ಟೈಪಿಂಗ್ ಬಾರದವರು ಗೂಗಲ್ ಡಾಕ್ಸ್‌ನಲ್ಲಿ ವಾಯ್ಸ್ ಟೈಪಿಂಗ್ ಆರಿಸಿ, ಭಾಷೆ ಕನ್ನಡ ಎಂದಿಟ್ಟು ಮಾತಾಡಿ. ತಿದ್ದುವ ಕೆಲಸ ಇರುತ್ತದೆ, ಆದರೂ ಮೊದಲ ಕರಡು ಸಿಕ್ಕಿಬಿಡುತ್ತದೆ. ಬರೀ ಹಾಳೆಯ ಮೇಲಿರುವ ಅಚ್ಚಿನ ನೋಟ್ಸ್ ಇದ್ದರೆ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಪಠ್ಯ ಬರುತ್ತದೆ.

ಇಡೀ ಬೀರು ಒಂದೇ ರಜೆಯಲ್ಲಿ ಬದಲಿಸುತ್ತೇನೆ ಎಂದು ಹೊರಡಬೇಡಿ. ಎಡವುವ ಜಾಗದ ಹತ್ತು ಪುಟ ಮೊದಲು.

ಹಂತ 4: ಎಂಟು ನಿಮಿಷದ ಪಾಠ ರೆಕಾರ್ಡ್ ಮಾಡಿ

2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸ್‌ಗಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆ ಪರಿಶೀಲಿಸಿದ್ದರು. ಆರು ನಿಮಿಷದ ಒಳಗಿನ ವಿಡಿಯೊಗಳನ್ನೇ ಜನ ಹೆಚ್ಚು ಗಮನ ಕೊಟ್ಟು ನೋಡಿದ್ದರು. ಕನ್ನಡದಲ್ಲಿ ಲೆಕ್ಕ ಬಿಡಿಸಿ ಹೇಳಲು ನನಗೆ ಎಂಟು ಬೇಕಾಗುತ್ತದೆ. ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಚಿತ್ರಿಸಿ ಹಾಕಿದರೆ ಯಾರೂ ನೋಡುವುದಿಲ್ಲ. ನಾನೇ ನೋಡಿಲ್ಲ, ನನ್ನದೇ ಉಪನ್ಯಾಸವನ್ನು.

ಮುಖ ತೋರಿಸುವ ಅಗತ್ಯ ಇಲ್ಲ. ಮೇಜಿನ ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಅಡ್ಡ ಸ್ಕೇಲ್ ಇಟ್ಟು, ಫೋನನ್ನು ಕೆಳಮುಖ ಮಲಗಿಸಿ. ಕೆಳಗೆ ಬಿಳಿ ಹಾಳೆ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಾ ಮಾತಾಡಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಪಾಠದ ನಡುವೆ ಲೋನ್ ಬೇಕಾ ಎಂದು ಕರೆ ಬರುತ್ತದೆ. ಫ್ಯಾನ್ ಆಫ್ ಮಾಡಿ. ಖಾಲಿ ಕೋಣೆಗಿಂತ ಬಟ್ಟೆ, ಹಾಸಿಗೆ ಇರುವ ಕೋಣೆಯಲ್ಲಿ ದನಿ ಚೆನ್ನಾಗಿ ಬರುತ್ತದೆ, ಗೋಡೆಗೆ ಬಡಿದು ಮರುದನಿ ಬರುವುದಿಲ್ಲ. ಚಿತ್ರ ಸ್ವಲ್ಪ ಮಬ್ಬಾದರೂ ನಡೆಯುತ್ತದೆ. ದನಿ ಕೆಟ್ಟರೆ ಮೊದಲ ನಿಮಿಷದಲ್ಲೇ ಮುಚ್ಚುತ್ತಾರೆ.

‘ನಿನ್ನೆ ಹೇಳಿದ ಹಾಗೆ’, ‘ನಿಮ್ಮ ಮೂರನೇ ಸೆಮಿಸ್ಟರ್‌ನಲ್ಲಿ’ ಎಂದು ವಿಡಿಯೊದಲ್ಲಿ ಹೇಳಬೇಡಿ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. ಪತ್ರಿಕೆಯ ಹೆಸರು, ಸೆಮಿಸ್ಟರ್ ಎಲ್ಲ ಅದಲು ಬದಲು. ಸ್ಥಿತಿಸ್ಥಾಪಕತ್ವ ಮಾತ್ರ ಹಾಗೇ ಇದೆ. ಸೆಮಿಸ್ಟರ್ ಹೆಸರಿಲ್ಲದ ವಿಡಿಯೊ ಎರಡೂ ಕಡೆ ಕೆಲಸ ಮಾಡಿತು.

ವಿಡಿಯೊ ಆದಮೇಲೆ ಅದರ ದನಿಯನ್ನು ಬೇರೆ ಫೈಲಾಗಿ ತೆಗೆದಿಡಿ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಹತ್ತು ನಿಮಿಷದ ಆಡಿಯೊ ಸುಮಾರು 5 ಎಂಬಿ. ವಿಡಿಯೊ ಇದರ ಹಲವು ಪಟ್ಟು. ಆಡಿಯೊ ಮತ್ತು ಬರೆದ ಹಾಳೆಯ ಒಂದು ಫೋಟೊ, ಇಷ್ಟಿದ್ದರೆ ಸಿಗ್ನಲ್ ಕಡಿಮೆ ಇರುವ ಊರಿನ ಮಕ್ಕಳಿಗೂ ಪಾಠ ಮುಟ್ಟುತ್ತದೆ. ಬಸ್ಸಿನಲ್ಲಿ ಕೇಳುತ್ತಾರೆ. ವಿಡಿಯೊವನ್ನು ಯೂಟ್ಯೂಬ್‌ಗೆ ‘ಅನ್‌ಲಿಸ್ಟೆಡ್’ (ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ) ಎಂದು ಹಾಕಿ, ಕೊಂಡಿಯನ್ನು ಕ್ಲಾಸ್‌ರೂಮ್‌ನಲ್ಲಿಡಿ.

ಹಂತ 5: ಇರುವುದನ್ನು ಮತ್ತೆ ಮಾಡಬೇಡಿ

ರೆಕಾರ್ಡ್ ಮಾಡುವ ಮೊದಲು ಹುಡುಕಿ. ಎನ್‌ಪಿಟೆಲ್ 2003ರಿಂದ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುತ್ತಿರುವ ವಿಡಿಯೊ ಪಾಠಗಳ ಯೋಜನೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ‘ಸ್ವಯಂ’ 2017ರ ಜುಲೈನಲ್ಲಿ ಶುರುವಾಯಿತು. ಅಲ್ಲಿ ಪ್ರತಿ ಕೋರ್ಸಿಗೂ ವಿಡಿಯೊ, ಓದುವ ಪಠ್ಯ, ಸ್ವಂತ ಪರೀಕ್ಷೆ, ಚರ್ಚೆ ಎಂದು ನಾಲ್ಕು ಭಾಗ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ‘ಕೊಡಬಹುದು’ ಎಂಬ ಪದ ಗಮನಿಸಿ. ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸಿನ ಕ್ರೆಡಿಟ್ ಒಪ್ಪುತ್ತದೆಯೇ ಎಂದು ಬರಹದಲ್ಲಿ ತಿಳಿದ ಮೇಲೆಯೇ ಮಕ್ಕಳಿಗೆ ಹೇಳಿ. ಕಲಿಯಲು ದುಡ್ಡಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಶುಲ್ಕ ಇದೆ. ಎನ್‌ಪಿಟೆಲ್‌ನಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ.

ಕ್ರೆಡಿಟ್ ಸಿಗದಿದ್ದರೂ ತೊಂದರೆ ಇಲ್ಲ, ತುಣುಕಾಗಿ ಬಳಸಿ. ‘ಈ ವಿಡಿಯೊ ನೋಡಿ’ ಎಂದರೆ ನೋಡುವುದಿಲ್ಲ. ‘12ನೇ ನಿಮಿಷದಿಂದ 17ರವರೆಗೆ ನೋಡಿ, ರೇಖೆ ಯಾಕೆ ಎಡಕ್ಕೆ ಸರಿಯಿತು ಎಂದು ಎರಡು ಸಾಲು ಬರೆಯಿರಿ’ ಎಂದರೆ ನೋಡುತ್ತಾರೆ.

ವಿಜ್ಞಾನದವರಿಗೆ ಪರದೆಯ ಮೇಲೆ ಪ್ರಯೋಗ ಮಾಡಿಸುವ ವರ್ಚುವಲ್ ಲ್ಯಾಬ್ಸ್ ಇದೆ, ಸುರತ್ಕಲ್‌ನ ಎನ್‌ಐಟಿಕೆ ಕೂಡ ಅದರ ಪಾಲುದಾರ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಕಂಪ್ಯೂಟರ್ ಕಲಿಸುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಲೇಬೇಕು. ಲಿಬ್ರೆಆಫೀಸ್‌ನಂಥ ವಿಷಯಗಳನ್ನು ಚಿಕ್ಕ ಚಿಕ್ಕ ಪಾಠವಾಗಿ ಕನ್ನಡ ದನಿಯಲ್ಲಿ ಹೇಳುತ್ತಾರೆ. ಎಂ.ಎ. ಮಕ್ಕಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ತೋರಿಸಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಅಲ್ಲಿವೆ, ಕನ್ನಡದವೂ ಇವೆ. ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್‌ಗೆ ಕಾಲೇಜು ಚಂದಾದಾರ ಆಗಿದ್ದರೆ ಗ್ರಂಥಪಾಲಕರ ಹತ್ತಿರ ಹೋಗಿ ಲಾಗಿನ್ ಕೇಳಿ. ದುಡ್ಡು ಕಟ್ಟಿಯೂ ಲಾಗಿನ್ ಯಾರೂ ಬಳಸದ ಕಾಲೇಜುಗಳನ್ನು ನಾನು ಕಂಡಿದ್ದೇನೆ.

ಹಂತ 6: ತರಗತಿಯ ಗಂಟೆಯನ್ನು ಟೊಮೇಟೊಗೆ ಕೊಡಿ

ಪಾಠ ಮನೆಯಲ್ಲಿ ಕೇಳಿ ಬಂದರೆ ತರಗತಿಯ ಹೊತ್ತು ಉಳಿಯಿತು. ಆ ಹೊತ್ತಲ್ಲಿ ಏನು ಮಾಡುತ್ತೀರಿ ಎನ್ನುವುದೇ ಮುಖ್ಯ. ನಾನು ಮಾಡುವುದು ಇದು.

ಕರ್ನಾಟಕದ ಎಪಿಎಂಸಿಗಳಲ್ಲಿ ದಿನದಿನದ ಆವಕ ಮತ್ತು ಬೆಲೆ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಸಿಗುತ್ತದೆ. ಕೋಲಾರದ ಟೊಮೇಟೊ ಮಾರುಕಟ್ಟೆ ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ ಅಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ 2000 ರೂಪಾಯಿ ದಾಟಿತ್ತು. ಎರಡು ತಿಂಗಳಲ್ಲಿ ಬೆಲೆ ನೆಲಕಚ್ಚಿತು. ನಮ್ಮ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಟೊಮೇಟೊ ಬೆಳೆಯುತ್ತಾರೆ. ಆ ವರ್ಷ ಅವರಿಗೆ ಚೆನ್ನಾಗಿ ನೆನಪಿದೆ.

ನಾಲ್ವರ ಗುಂಪು ಮಾಡಿ. ಗುಂಪಿಗೆ ಒಂದು ಫೋನ್ ಸಾಕು. ಒಂದೊಂದು ಗುಂಪಿಗೆ ಒಂದೊಂದು ತಿಂಗಳು ಹಂಚಿ. ಗೂಗಲ್ ಶೀಟ್‌ನಲ್ಲಿ ಮೂರು ಕಾಲಂ: ದಿನಾಂಕ, ಆವಕ, ಮಾದರಿ ಬೆಲೆ (ಆ ದಿನ ಹೆಚ್ಚು ವಹಿವಾಟು ನಡೆದ ಬೆಲೆ). ಒಬ್ಬರು ಓದುತ್ತಾರೆ, ಒಬ್ಬರು ಟೈಪ್ ಮಾಡುತ್ತಾರೆ, ಒಬ್ಬರು ತಾಳೆ ನೋಡುತ್ತಾರೆ, ನಾಲ್ಕನೆಯವರು ಅನುಮಾನ ಬಂದ ಅಂಕಿ ಗುರುತು ಹಾಕುತ್ತಾರೆ. ವ್ಯಾಪಾರ ಇಲ್ಲದ ದಿನ ಖಾಲಿ ಬಿಡಬೇಕು. ಸೊನ್ನೆ ಹಾಕಿದರೆ ಸರಾಸರಿ ಪೂರ್ತಿ ಕೆಡುತ್ತದೆ. ಪ್ರತಿ ವರ್ಷ ಒಂದು ಗುಂಪು ಸೊನ್ನೆ ಹಾಕಿಯೇ ಹಾಕುತ್ತದೆ. ನಾನು ಮೊದಲೇ ಎಚ್ಚರಿಸುವುದನ್ನು ಬಿಟ್ಟಿದ್ದೇನೆ. ಸರಾಸರಿ ನೋಡಿ ಅವರೇ ‘ಇದೇನ್ ಸರ್ ಹಿಂಗಿದೆ’ ಎಂದು ಕೇಳಲಿ.

ಜಾಲತಾಣದ ಬೆಲೆ ಕ್ವಿಂಟಾಲಿಗೆ, ರೈತರ ಮಾತು ಬಾಕ್ಸಿಗೆ. 2000 ರೂಪಾಯಿ ಬಾಕ್ಸ್ ಎಂದರೆ ಕೆ.ಜಿ.ಗೆ 133, ಕ್ವಿಂಟಾಲಿಗೆ ಸುಮಾರು 13,300. ಈ ಲೆಕ್ಕ ಬೋರ್ಡಿನ ಮೇಲೆ ಅವರಿಂದಲೇ ಮಾಡಿಸಿ.

ಆಮೇಲೆ ಆವಕ ಒಂದು ಕಡೆ, ಬೆಲೆ ಇನ್ನೊಂದು ಕಡೆ ಇಟ್ಟು ಚುಕ್ಕೆ ನಕ್ಷೆ ಹಾಕಿಸಿ. ಈಗ ಕೇಳಿ: ಇದು ಬೇಡಿಕೆ ರೇಖೆಯಾ? ಪುಸ್ತಕದ ರೇಖೆ ನುಣ್ಣಗಿತ್ತು, ಇದು ಯಾಕೆ ಹರಡಿಕೊಂಡಿದೆ? ಮಳೆ, ರೋಗ, ಹೊರ ರಾಜ್ಯದ ಖರೀದಿದಾರರು, ಹಬ್ಬ ಎಲ್ಲ ಮಾತಿಗೆ ಬರುತ್ತದೆ. ಬೆಲೆ ದುಪ್ಪಟ್ಟಾದರೂ ಮನೆಯಲ್ಲಿ ಟೊಮೇಟೊ ನಿಲ್ಲಿಸಿದಿರಾ, ಹುಣಸೆಹಣ್ಣು ಹಾಕಿದಿರಾ ಎಂದು ಕೇಳಿ. ಸ್ಥಿತಿಸ್ಥಾಪಕತ್ವ ಅಲ್ಲಿಂದ ಅವರ ಬಾಯಲ್ಲೇ ಬರುತ್ತದೆ. ಈ ತರಗತಿಯಲ್ಲಿ ನಾನು ಮಾತಾಡುವುದು ಹತ್ತು ನಿಮಿಷ ಇರಬಹುದು.

ಕರೆಂಟ್, ನೆಟ್ ಎರಡೂ ಕೈಕೊಡುವ ದಿನಕ್ಕಾಗಿ ಒಂದು ತಿಂಗಳ ಅಂಕಿಗಳ ಜೆರಾಕ್ಸ್ ಬ್ಯಾಗಿನಲ್ಲಿರಲಿ. ಗ್ರಾಫ್ ಹಾಳೆ ಸಾಕು.

ಹಂತ 7: ತಪ್ಪು ಉತ್ತರಗಳನ್ನು ಯೋಚಿಸಿ ಬರೆಯಿರಿ

ಗೂಗಲ್ ಫಾರ್ಮ್ ಕ್ವಿಜ್ ಎಲ್ಲರಿಗೂ ಗೊತ್ತು. ಹೆಚ್ಚಿನ ಕ್ವಿಜ್‌ಗಳಲ್ಲಿ ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಿರುತ್ತಾರೆ. ಅಲ್ಲೇ ಕಲಿಕೆ ಅಡಗಿರುವುದು. ಉದಾಹರಣೆಗೆ ಇದು ನೋಡಿ:

ಬೆಲೆ 20 ರೂಪಾಯಿಯಿಂದ 25ಕ್ಕೆ ಏರಿತು. ಬೇಡಿಕೆ 100 ಕೆ.ಜಿ.ಯಿಂದ 80ಕ್ಕೆ ಇಳಿಯಿತು. ಸ್ಥಿತಿಸ್ಥಾಪಕತ್ವ ಎಷ್ಟು?

ಮೈನಸ್ ಚಿಹ್ನೆ ಬಿಟ್ಟರೆ ಸರಿಯುತ್ತರ 0.8. ಬೇಡಿಕೆ ಶೇ 20 ಇಳಿದಿದೆ, ಬೆಲೆ ಶೇ 25 ಏರಿದೆ, 20ನ್ನು 25ರಿಂದ ಭಾಗಿಸಬೇಕು. ತಪ್ಪು ಆಯ್ಕೆಗಳು 1.25, 4, 0.25. ಭಾಗಾಕಾರ ತಲೆಕೆಳಗು ಮಾಡಿದವರಿಗೆ 1.25 ಬರುತ್ತದೆ. ಶೇಕಡಾ ಮಾಡದೆ ನೇರ 20ನ್ನು 5ರಿಂದ ಭಾಗಿಸಿದವರಿಗೆ 4. ಎರಡೂ ತಪ್ಪು ಮಾಡಿದವರಿಗೆ 0.25. ಉತ್ತರ ನೋಡಿದ ಕೂಡಲೇ ಯಾರ ಕೈ ಎಲ್ಲಿ ಜಾರಿತು ಎಂದು ಗೊತ್ತಾಗುತ್ತದೆ.

ಫಾರ್ಮ್‌ನಲ್ಲಿ ‘ಉತ್ತರಕ್ಕೆ ತಕ್ಕ ವಿಭಾಗಕ್ಕೆ ಹೋಗು’ ಎಂಬ ಸೌಲಭ್ಯ ಇದೆ. 4 ಎಂದವರು ‘ಶೇಕಡಾ ಯಾಕೆ?’ ಎಂಬ ಪುಟಕ್ಕೆ, 1.25 ಎಂದವರು ಇನ್ನೊಂದು ಪುಟಕ್ಕೆ ಹೋಗುವಂತೆ ಮಾಡಿ. ಅಲ್ಲಿ ನಿಮ್ಮ ವಿಡಿಯೊದ ಆ ನಿಮಿಷದ ಕೊಂಡಿ ಇರಲಿ. ಇಂಥ ಪ್ರಶ್ನೆ ಐದೇ ಇದ್ದರೂ ಸಾಕು. ಮಾಡಲು ಒಂದು ಸಂಜೆ ಬೇಕು, ನಿಜ.

ಈ ಕ್ವಿಜ್‌ಗೆ ಅಂಕ ಕೊಡಬೇಡಿ. ಅಂಕ ಇಟ್ಟರೆ ಉತ್ತರ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ನಿಮಗೆ ಸಿಗುವುದು ತರಗತಿಯ ಜಾಣನೊಬ್ಬನ ಉತ್ತರದ ಅರುವತ್ತು ಪ್ರತಿ.

ಅಸೈನ್‌ಮೆಂಟ್‌ನ ಕಥೆ ಬೇರೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ‘ಸ್ಥಿತಿಸ್ಥಾಪಕತ್ವದ ವಿಧಗಳನ್ನು ವಿವರಿಸಿ’ ಎಂದು ಕೇಳುವುದರಲ್ಲಿ ಅರ್ಥ ಉಳಿದಿಲ್ಲ. ‘ನಿಮ್ಮ ಊರಿನ ಸಂತೆಯಲ್ಲಿ ಮೂರು ವಾರ ಒಂದು ತರಕಾರಿಯ ಬೆಲೆ ಬರೆದುಕೊಂಡು ಬನ್ನಿ, ಮಾರುವವರನ್ನು ಒಂದು ಪ್ರಶ್ನೆ ಕೇಳಿ’ ಎಂದು ಕೊಡಿ. ಜೊತೆಗೆ ಒಬ್ಬೊಬ್ಬರನ್ನೂ ಎರಡು ನಿಮಿಷ ಕೂರಿಸಿ ಮಾತಾಡಿಸಿ. ಎಐ ಬಳಸಿದರೆ ಬಳಸಲಿ, ಎಲ್ಲಿ ಬಳಸಿದೆ ಎಂದು ಬರೆಯಲಿ. ಸಂತೆಯ ಬೆಲೆಯನ್ನು ಸಂತೆಗೆ ಹೋಗಿಯೇ ತರಬೇಕು ಅಲ್ವಾ?

ಹಂತ 8: ಎರಡು ಕಟ್ಟುಪಾಡು

ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠದ ಭಾಗವಾಗಿ ಪ್ರತಿ ಮಾಡಲು ಶಿಕ್ಷಕರಿಗೆ ಅವಕಾಶ ಕೊಡುತ್ತದೆ. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನು ವಿಸ್ತಾರವಾಗಿ ಚರ್ಚಿಸಿತು. ನಿಮ್ಮ ತರಗತಿಗೆ ಬೇಕಾದ ಪುಟ ಕೊಡುವುದು ಬೇರೆ, ಇಡೀ ಪುಸ್ತಕವನ್ನು ಊರಿಗೆಲ್ಲ ತೆರೆದ ಟೆಲಿಗ್ರಾಮ್ ಚಾನೆಲ್‌ಗೆ ಹಾಕುವುದು ಬೇರೆ.

ಇನ್ನೊಂದು, ಮಕ್ಕಳ ವಿವರ. ಮೊದಲ ವರ್ಷದವರಲ್ಲಿ ಎಷ್ಟೋ ಮಂದಿಗೆ ಇನ್ನೂ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರನ್ನು ಮಕ್ಕಳು ಎಂದೇ ಕರೆಯುತ್ತದೆ. ಹೆಸರು, ಮೊಬೈಲ್ ನಂಬರ್, ಅಂಕ ಇರುವ ಪಟ್ಟಿಯನ್ನು ಗುಂಪಿಗೆ ಹಾಕುವ ಅಭ್ಯಾಸ ಬಿಡಿ. ಅವರವರ ಅಂಕ ಅವರಿಗೆ ಕ್ಲಾಸ್‌ರೂಮ್‌ನಲ್ಲೇ ಕಾಣುತ್ತದೆ.

ಹಂತ 9: ಸೆಮಿಸ್ಟರ್ ಮುಗಿದ ವಾರ

ಮತ್ತೆ ಕಾಗದದ ಚೀಟಿ. ಯಾವುದು ಉಪಯೋಗಕ್ಕೆ ಬಂತು, ಯಾವುದನ್ನು ತೆರೆಯಲೇ ಇಲ್ಲ? ಹೆಸರು ಬರೆಯುವುದು ಬೇಡ. ನಾನು ಕಷ್ಟಪಟ್ಟು ಮಾಡಿದ್ದ ಅರುವತ್ತು ಸ್ಲೈಡ್‌ಗಳ ಪಿಪಿಟಿಯನ್ನು ಮೂವರು ತೆರೆದಿದ್ದರು. ಬಿಳಿ ಹಾಳೆಯ ವಿಡಿಯೊವನ್ನು ಪರೀಕ್ಷೆ ಹಿಂದಿನ ರಾತ್ರಿ ಎಲ್ಲರೂ ನೋಡಿದ್ದರು. ಪಿಪಿಟಿ ಬಿಟ್ಟೆ.

ಆಮೇಲೆ ಕಡತಗಳನ್ನೆಲ್ಲ ಇಳಿಸಿಕೊಳ್ಳಿ. ವಿದ್ಯಾರ್ಥಿಗಳ ಹೆಸರು, ಅಂಕ ಇರುವ ಹಾಳೆಗಳನ್ನು ತೆಗೆದುಹಾಕಿ. ಉಳಿದದ್ದನ್ನು, ಅಂದರೆ ಯೂನಿಕೋಡ್ ನೋಟ್ಸ್, ಆಡಿಯೊ, ಟೊಮೇಟೊ ಶೀಟ್, ಪ್ರಶ್ನೆಗಳನ್ನು, ಒಂದು ಪೆನ್‌ಡ್ರೈವ್‌ಗೆ ಹಾಕಿ ಲೈಬ್ರರಿಯಲ್ಲಿ ಕೊಡಿ. ಜೊತೆಗೆ ಒಂದು ಪುಟದ ಚೀಟಿ ಇಡಿ: ಯಾವ ಫೈಲ್ ಯಾವ ವಾರಕ್ಕೆ, ಎಲ್ಲಿ ಮಕ್ಕಳು ಸೊನ್ನೆ ಹಾಕುತ್ತಾರೆ. ಜೂನ್‌ನಲ್ಲಿ ಹೊಸದಾಗಿ ಬರುವ ಅತಿಥಿ ಉಪನ್ಯಾಸಕರು ಮೊದಲು ಕೇಳುವುದು ಅದನ್ನೇ.